ಬೆಸುಗೆ ಶಾಂತೇರಿಯ ಐದು ಗರಟೆ

ಬಹಳ ಬಹಳ ಹಿಂದೆ, ಉಪ್ಪುನೀರಿಗೂ ಸಿಹಿನೀರಿಗೂ ದಿನಕ್ಕೆರಡು ಸಲ ಜಗಳ ಹತ್ತುತ್ತಿದ್ದ ಒಂದೂರಿನಲ್ಲಿ ಬೆಸುಗೆ ಶಾಂತೇರಿ ಅಂತ ಒಬ್ಬಳಿದ್ದಳಂತೆ. ಯಾವ ಇಸವಿ ಅಂತ ಕೇಳಬೇಡಿ ಮಾರಾಯ್ರೆ. ಇಸವಿ ಗೊತ್ತಿದ್ದವರೆಲ್ಲ ಹೋಗಿಬಿಟ್ಟರು, ಕಥೆ ಗೊತ್ತಿದ್ದವರು ನಾವು ನಾಲ್ಕು ಜನ ಉಳಿದಿದ್ದೇವೆ.

ಕೆಟ್ಟ ರೇಡಿಯೊ ಅವಳ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅರ್ಧ ಸರಿಯಾಗುತ್ತಿತ್ತಂತೆ. ಸುಟ್ಟ ವಾಸನೆ ಮೂಸಿಯೇ ಯಾವ ತಂತಿ ಅಂತ ಹೇಳುತ್ತಿದ್ದಳಂತೆ. ಬೆಸುಗೆಯ ಹೊಗೆ ಕೂಡ ಅವಳ ಕಣ್ಣಿಗೆ ಹೋಗದೆ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಿತ್ತಂತೆ. ಇದನ್ನು ನಾನು ನಂಬುವುದಿಲ್ಲ. ಆದರೆ ನನ್ನ ಅಜ್ಜಿ ನಂಬಿದ್ದಳು, ಅಜ್ಜಿಗೆ ಎದುರು ಮಾತಾಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಊರಿನ ಹೆಸರು ಐಬಾಗಿಲು. ಹೊಳೆ ಸಮುದ್ರ ಸೇರುವ ಕಡೆ ಒಂದು ಒಡ್ಡು, ಒಡ್ಡಿಗೆ ಐದು ಬಾಗಿಲು. ಸಮುದ್ರದ ಭರತ ಏರುವಾಗ ಬಾಗಿಲು ಹಾಕಬೇಕು, ಇಳಿಯುವಾಗ ತೆಗೆದು ಮಳೆನೀರು ಹೊರಗೆ ಬಿಡಬೇಕು. ತಪ್ಪಿದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ, ವರ್ಷದ ಅನ್ನ ಹೋಗುತ್ತದೆ. ತಲೆತಲಾಂತರದಿಂದ ಈ ಕೆಲಸ ಬೊಮ್ಮುಗೌಡನ ಮನೆಯದು. ಬೊಮ್ಮುಗೌಡನಿಗೆ ವಯಸ್ಸಾಯಿತು, ಸೊಂಟ ಹಿಡಿಯಿತು. ಹಾಗಾಗಿ ಶಾಂತೇರಿ ಊರವರನ್ನು ಒಪ್ಪಿಸಿ ಬಾಗಿಲಿಗೆ ಯಂತ್ರ ಕೂರಿಸಿದಳು. ಹಳೆಯ ಮರದ ಹಲಗೆಗಳು ಬಚ್ಚಲೊಲೆಗೆ ಹೋದವು. ಯಂತ್ರ ನಂಬಿದವಳು ಉಪ್ಪು ನೆಕ್ಕಬೇಕಾದೀತು ಅಂತ ಬೊಮ್ಮುಗೌಡ ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದನಂತೆ.

ಯಂತ್ರದ ತಲೆ ಅಂದರೆ ಅಂಗೈಯಗಲದ ಒಂದು ಬೋರ್ಡು. ಅದರ ಮೇಲೆ ಬಾಗಿಲಿಗೊಂದರಂತೆ ಐದು ಚಿಪ್ಪು, ಪೇಟೆಯವರು ಚಿಪ್ ಅನ್ನುತ್ತಾರಲ್ಲ, ಅದು. ನೀರೆಷ್ಟು ಅಂತ ಬೋರ್ಡಿಗೆ ಹೇಳುವುದು ಅವುಗಳ ಕೆಲಸ. ಆದರೆ ಮಾತಾಡುವುದಕ್ಕೆ ಐದಕ್ಕೂ ಸೇರಿ ಒಂದೇ ದಾರಿ, ಕೇರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಜಗಳ ಆಗಬಾರದು ಅಂತ ಪ್ರತಿ ಚಿಪ್ಪಿಗೂ ಬೇರೆ ಒಂದು ಕರೆತಂತಿ. ಬೋರ್ಡು ಯಾರ ಕರೆತಂತಿ ಇಳಿಸುತ್ತದೋ ಅವನೊಬ್ಬನೇ ಬಾಯಿ ಬಿಡಬೇಕು. ಯಾರ ತಂತಿ ಮೇಲಿದೆಯೋ ಅವರು ತೆಪ್ಪಗಿರಬೇಕು.

ಒಂದು ತಿಂಗಳು ಎಲ್ಲ ಚೆಂದ ನಡೆಯಿತು. ಮಳೆಗಾಲ ಹಿಡಿದು ಕರೆಂಟು ಹೋಗಿ ಬರುವುದಕ್ಕೆ ಶುರುವಾಯಿತು ನೋಡಿ, ಯಂತ್ರಕ್ಕೆ ಮರುಳು ಹಿಡಿಯಿತು. ಕರೆಂಟು ಬಂದ ಕೂಡಲೆ ಮುಚ್ಚಿದ ಬಾಗಿಲು ತೆರೆದುಕೊಳ್ಳುತ್ತಿತ್ತು. ಮೂರನೆಯ ಬಾಗಿಲ ಹತ್ತಿರ ಎರಡು ಗದ್ದೆ ಸುಟ್ಟ ಹಾಗೆ ಕೆಂಪಾದವು. ಹುಣ್ಣಿಮೆಯ ದೊಡ್ಡ ಭರತಕ್ಕೆ ಮೂರೇ ದಿನ. ಹಲಗೆಗಳು ಬೂದಿಯಾಗಿವೆ. ಶಾಂತೇರಿಗೆ ಅನ್ನ ಸೇರಲಿಲ್ಲ. ಊರಿನ ಬಾಯಿಗೆ ಮಣ್ಣು ಹಾಕಿದೆನಲ್ಲ ಅಂತ ಒಬ್ಬಳೇ ಕೂತು ಅತ್ತಳಂತೆ.

ಬಾಗಿಲಲ್ಲೇ ಪರೀಕ್ಷೆ ಮಾಡೋಣ ಅಂದರೆ ಒಂದೊಂದು ಸಲಕ್ಕೂ ಉಪ್ಪು ಒಳಗೆ ಬರುತ್ತದೆ. ಎಂತ ಮಾಡುವುದು? ಯಂತ್ರ ಮುಟ್ಟುವುದೇ ಬೇಡ, ಯಂತ್ರದ ವೇಷ ಹಾಕೋಣ ಅಂದಳು. ಅಂಗಳದಲ್ಲಿ ಒಂದು ಬಿದಿರಿನ ಗಳು ಅಡ್ಡ ಕಟ್ಟಿದಳು. ಕೇರಿಯ ಐದು ಹೆಂಗಸರನ್ನು ಸಾಲಾಗಿ ಕೂರಿಸಿದಳು. ಒಬ್ಬೊಬ್ಬಳ ಮುಂದೆ ಒಂದು ತೆಂಗಿನ ಗರಟೆ, ಗರಟೆಗೆ ದಾರ. ದಾರ ಗಳುವಿನ ಮೇಲಿಂದ ಬಂದು ಅದರ ಇನ್ನೊಂದು ತುದಿ ಶಾಂತೇರಿಯ ಕೈಯಲ್ಲಿ. ಗರಟೆ ಇಳಿದರೆ ನಿಮ್ಮ ಬಾಗಿಲಿನ ನೀರೆಷ್ಟು ಹೇಳಿ, ಗರಟೆ ಮೇಲಿದ್ದರೆ ಮನೆಗೆ ಬೆಂಕಿ ಬಿದ್ದರೂ ಬಾಯಿ ಬಿಡಬೇಡಿ ಅಂತ ತಾಕೀತು ಮಾಡಿದಳು. ಐಬಾಗಿಲಿನ ಹೆಂಗಸರು, ಮಾತಿಗೆ ನಿಂತರೆ ಒಲೆಯ ಮೇಲಿನ ಅನ್ನ ಸೀಯುವವರೆಗೆ ನಿಂತಾರು! ಅವರೂ ಬಾಯಿ ಕಟ್ಟಿಕೊಂಡು ಕೂತರಂತೆ.

ಆಟ ಬೆಳಗಿನಿಂದ ನಡೆಯಿತು. ಒಂದನೆಯ ಗರಟೆ ಇಳಿಯಿತು, ಮೊಣಕಾಲುದ್ದ ಅಂದಳು ಒಬ್ಬಳು. ನಾಲ್ಕನೆಯದು ಇಳಿಯಿತು, ಸೊಂಟದುದ್ದ ಅಂದಳು ಇನ್ನೊಬ್ಬಳು. ನೂರು ಸಲ ಇಳಿಸಿದರೂ ಒಂದು ತಪ್ಪಿಲ್ಲ. ಊರೆಲ್ಲ ನೋಡಿ ನಕ್ಕಿತು. ಶಾಂತೇರಿಯ ಮುಖ ಮಾತ್ರ ಬಾಡುತ್ತಾ ಬಂತು. ತಪ್ಪೇ ಕಾಣದಿದ್ದರೆ ತಿದ್ದುವುದು ಏನನ್ನು?

ತಮಾಷೆ ನೋಡಲು ಬಂದಿದ್ದ ಬೊಮ್ಮುಗೌಡನಿಗೆ ಅವಳ ಮುಖ ನೋಡಿ ಪಾಪ ಅನ್ನಿಸಿತು. ಒಂದು ಲೋಟ ಚಾ ತಂದು ಕೊಟ್ಟ. ಚಾ ಹಿಡಿಯಲು ಶಾಂತೇರಿ ದಾರ ಅಷ್ಟನ್ನೂ ಕೈಬಿಟ್ಟಳು. ಐದು ಗರಟೆಯೂ ಟಪಟಪ ಬಿದ್ದವು. ಐದೂ ಹೆಂಗಸರು ಒಟ್ಟಿಗೇ ಕೂಗಿದರು: ಮೊಣಕಾಲು! ಸೊಂಟ! ಪಾದ! ಎದೆ! ಎಂತದ್ದೂ ಇಲ್ಲ! ಒಂದೂ ಅರ್ಥವಾಗಲಿಲ್ಲ. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಾಂತೇರಿ ನಗಲಿಲ್ಲ. ಚಾ ಸೀರೆಯ ಮೇಲೆ ಚೆಲ್ಲಿದ್ದೂ ಅವಳಿಗೆ ಗೊತ್ತಾಗಲಿಲ್ಲವಂತೆ.

"ಇದೇ! ಇದೇ ಮಾರಾಯ್ರೆ!" ಅಂತ ಎದ್ದು ನಿಂತಳು. ಕರೆಂಟು ಬಂದ ಕೂಡಲೆ ಬೋರ್ಡಿಗೆ ಪೂರ್ತಿ ಎಚ್ಚರ ಆಗುವುದಿಲ್ಲ. ಆ ಒಂದು ಗಳಿಗೆ ಕರೆತಂತಿ ಯಾರ ಕೈಯಲ್ಲೂ ಇರುವುದಿಲ್ಲ. ಎಲ್ಲ ಚಿಪ್ಪುಗಳೂ ತಮ್ಮನ್ನೇ ಕರೆದರು ಅಂತ ತಿಳಿದು ಒಟ್ಟಿಗೆ ಬಾಯಿ ಬಿಡುತ್ತವೆ. ಆ ಗದ್ದಲ ಕೇಳಿಕೊಂಡೇ ಬೋರ್ಡು ಕಣ್ಣು ಬಿಡುತ್ತದೆ, ಸಿಕ್ಕಿದ ಬಾಗಿಲು ತೆಗೆಯುತ್ತದೆ.

ತಪ್ಪು ಸಿಕ್ಕಿತು, ಮದ್ದು? ಬೊಮ್ಮುಗೌಡ ಗಳು ನೋಡಿದ, ಗರಟೆ ನೋಡಿದ, ಕ್ಯಾಕರಿಸಿದ.

"ಅಲ್ಲ ತಂಗೀ, ಇಷ್ಟಕ್ಕೆ ಅಳುದಾ? ದಾರಕ್ಕೆ ನಿನ್ನ ಕೈ ಬದಿಗೆ ಒಂದೊಂದು ಕಲ್ಲು ಕಟ್ಟು. ನೀ ಬಿಟ್ರೂ ಗರಟೆ ಮೇಲೇ ಇರ್ತದೆ. ನಾನು ಮಲಗಿದಾಗ ಹಲಗೆ ತಾನೇ ಬಿದ್ದು ಬಾಗಿಲು ಮುಚ್ಚಲಿ ಅಂತ ನಮ್ಮಪ್ಪ ಹಾಗೇ ಕಲ್ಲು ಕಟ್ಟಿದ್ದ."

ಶಾಂತೇರಿ ಅವನ ಕಾಲು ಮುಟ್ಟಿದಳಂತೆ. ಅಂಗಡಿಗೆ ಓಡಿ ಸತ್ತ ರೇಡಿಯೊಗಳ ಹೊಟ್ಟೆ ಬಗೆದು ಅಕ್ಕಿಕಾಳಿನಂಥ ಐದು ರೆಸಿಸ್ಟರ್ ಕಿತ್ತಳು. ಕರೆತಂತಿಗೆ ಒಂದೊಂದು ಬೆಸೆದಳು. ಬೋರ್ಡು ಕೈಬಿಟ್ಟರೂ ತಂತಿಯನ್ನು ಮೇಲೆ ಹಿಡಿದುಕೊಳ್ಳುವ ಕಲ್ಲುಗಳು ಅವು.

ಹುಣ್ಣಿಮೆಯ ಮಧ್ಯಾಹ್ನ ಭರತ ಒಡ್ಡಿನ ಕುತ್ತಿಗೆಗೆ ಬಂತು. ಊರೆಲ್ಲ ಒಡ್ಡಿನ ಮೇಲೆ. ಸರಿಯಾಗಿ ಆಗಲೇ ಕರೆಂಟು ಹೋಗಬೇಕೆ! ಹೋಯಿತು, ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಏಳು ಸಲ ಅನ್ನುತ್ತಾರೆ, ನನ್ನ ಅಜ್ಜಿ ಇಪ್ಪತ್ತೊಂದು ಅನ್ನುತ್ತಿದ್ದಳು. ಬಾಗಿಲುಗಳು ಮಿಸುಕಲಿಲ್ಲ. ಆದರೂ ಯಾರಿಗೂ ನಂಬಿಕೆ ಇಲ್ಲ. ಬೊಮ್ಮುಗೌಡ ಸೊಂಟ ಹಿಡಿದುಕೊಂಡೇ ಗದ್ದೆಯ ಕಡೆ ಇಳಿದ, ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟ. ಶಾಂತೇರಿ ಕಣ್ಣು ಮುಚ್ಚಿದಳು.

"ಸಪ್ಪೆ ಉಂಟು!" ಅಂತ ಕೂಗಿದನಂತೆ ಮುದುಕ.

ಶಾಂತೇರಿ ಯಾವಾಗ ತೀರಿಹೋದಳೋ ಯಾರಿಗೂ ನೆನಪಿಲ್ಲ. ಐಬಾಗಿಲಿನಲ್ಲಿ ಇವತ್ತಿಗೂ ಪಂಚಾಯ್ತಿಕೆ ಕೂತರೆ ಗರಟೆ ಕಟ್ಟುತ್ತಾರೆ, ಗರಟೆ ಇಳಿದವರು ಮಾತ್ರ ಮಾತಾಡಬೇಕು. ಪ್ರತಿ ವರ್ಷ ನಾಟಿಗೆ ಮೊದಲು ಐದು ಹೆಂಗಸರು ಐದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಒಬ್ಬಳು ನೀರು ನಾಲಿಗೆಗಿಟ್ಟು ಹೇಳಿ ಮುಗಿಸುವ ತನಕ ಇನ್ನೊಬ್ಬಳು ಬಾಯಿ ಬಿಡುವುದಿಲ್ಲ. ಹೇಳುವುದು ಯಾವ ದೇವರಿಗೂ ಅಲ್ಲ. ಒಂದನೆಯವಳು ಅನ್ನುತ್ತಾಳೆ, "ಸಪ್ಪೆ ಉಂಟು, ಶಾಂತೇರಕ್ಕ." ಆಮೇಲೆ ಎರಡನೆಯವಳು.