ಮಲಗಿ ಎದ್ದವರು

“ಗುರುಗಳೇ, ನಂಬಿಕೆ ಇರುವವನಿಗೆ ಸ್ಮಶಾನದ ಬಾಗಿಲಲ್ಲಿ ಕಾಲು ನಡುಗಬೇಕೆ?” ಎಂದು ಚೌರಪ್ಪ ಕೇಳಿದ.

ಅವನ ತಂಗಿಯನ್ನು ಮಣ್ಣು ಮಾಡಿ ಒಂದು ವಾರವೂ ಆಗಿರಲಿಲ್ಲ. ಮರುದಿನ ಅವಳ ಸಮಾಧಿಯ ಮುಂದೆ ಅವನೇ ಪ್ರಾರ್ಥನೆ ನಡೆಸಬೇಕಿತ್ತು. ಅದಕ್ಕೆ ಮುನ್ನ ಒಮ್ಮೆ ನೋಡಿ ಬರೋಣವೆಂದು ಬೆಳಿಗ್ಗೆ ಹೋದವನು ಬಾಗಿಲಿನಿಂದಲೇ ಹಿಂದಿರುಗಿದ್ದ. ಪುನರುತ್ಥಾನದ ಪಾಠವನ್ನು ಅವನು ಒಂದಕ್ಷರ ತಪ್ಪದೆ ಒಪ್ಪಿಸಬಲ್ಲ. ಕಾಲುಗಳಿಗೆ ಆ ಪಾಠ ಆಗಿರಲಿಲ್ಲ.

“ಕಾಲು ಏನು ಹೇಳುತ್ತದೆ?” ಎಂದು ಗುರುಗಳು ಕೇಳಿದರು.

“ಅವಳು ಅಲ್ಲಿ ಒಬ್ಬಳೇ ಇದ್ದಾಳೆ ಎನ್ನುತ್ತದೆ.”

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಸಮಾಧಿಯ ಗುಂಡಿ ತೋಡುವವನೊಬ್ಬನಿದ್ದ. ಅಲ್ಲಿಯ ಕ್ರೈಸ್ತರಲ್ಲಿ ಒಂದು ಪದ್ಧತಿ. ಗುಂಡಿ ತೋಡಿದವನು, ಹೆಣ ಬರುವ ಮೊದಲು, ಅದರೊಳಗೆ ಒಮ್ಮೆ ಮಲಗಿ ಎದ್ದು ಬರಬೇಕು. ಬದುಕಿರುವವರೊಬ್ಬರು ಮಲಗಿ ಎದ್ದ ಗುಂಡಿಗೆ ಮಾತ್ರ ಸತ್ತವರನ್ನು ಇಳಿಸುತ್ತಿದ್ದರು. ಊರಿನವರಿಗೆ ಅದು ಭಕ್ತಿ, ಅವನಿಗೆ ಅಳತೆ. ಬೇಸಿಗೆಯಲ್ಲಿ ಒಳಗೆ ತಂಪಾಗಿಯೂ ಇರುತ್ತಿತ್ತು. ಊರಿನ ಸಾಹುಕಾರನಿಗೆ ತೋಡಿದ ಗುಂಡಿಯಲ್ಲಿ ಅವನಿಗೆ ನಿದ್ದೆ ಹತ್ತಿಬಿಟ್ಟಿತ್ತು. ಸಾಹುಕಾರ ಬಂದು ಕಾಯಬೇಕಾಯಿತು.

ಮಕ್ಕಳ ಗುಂಡಿಗೆ ಈ ಪದ್ಧತಿ ಇರಲಿಲ್ಲ. ದೊಡ್ಡವರು ಮಲಗುವಷ್ಟು ಜಾಗ ಅಲ್ಲಿ ಇರುವುದಿಲ್ಲ. ಅದು ಅವನನ್ನು ಎಂದೂ ಕಾಡಿರಲಿಲ್ಲ. ಅವರು ಬೇರೆಯವರ ಮಕ್ಕಳು.

ಅವನ ಮಗಳು ಜ್ವರದಲ್ಲಿ ತೀರಿಕೊಂಡಳು. ಗುಂಡಿಯನ್ನು ತಾವು ತೋಡುತ್ತೇವೆಂದು ನೆರೆಯವರು ಬಂದರು. ಅವನು ಬಿಡಲಿಲ್ಲ. ತೋಡಿ ಮುಗಿಸಿ, ರೂಢಿಯಂತೆ ಮಲಗಲು ನೋಡಿದ. ಮೊಣಕಾಲು ಮಡಚಿದರೂ ಹಿಡಿಸಲಿಲ್ಲ. ಮಗ್ಗುಲಾದರೂ ಹಿಡಿಸಲಿಲ್ಲ. ಆಗ ಅವನಿಗೆ ಭಯವಾಯಿತು. ಆಯಸ್ಸೆಲ್ಲ ಆ ಮಣ್ಣು ಅಗೆದವನಿಗೆ ಅದರ ಥಂಡಿ ಮೊದಲ ಸಲ ಬೆನ್ನಿಗೆ ತಾಗಿತು.

ಅವನ ಜೊತೆಗಾರ ಮೇಲೆ ನಿಂತಿದ್ದ. “ಎದ್ದು ಬಾರೋ ಮಾರಾಯ, ಪೆಟ್ಟಿಗೆ ತರುವವರು ದಿಣ್ಣೆ ದಾಟಿದರು” ಎಂದ.

“ಗುದ್ದಲಿ ಕೊಡು. ನಾನು ಹಿಡಿಸುವಷ್ಟು ಉದ್ದ ಮಾಡುತ್ತೇನೆ.”

“ಅಷ್ಟು ದೊಡ್ಡದರಲ್ಲಿ ಕೂಸು ಇನ್ನೂ ಹೆದರುತ್ತದೆ ಕಣೋ.”

ಜೊತೆಗಾರನಿಗೆ ಸಮಾಧಾನ ಹೇಳಲು ಬರುತ್ತಿದ್ದದ್ದು ಅಷ್ಟೇ. ಗುದ್ದಲಿಗೆ ಚಾಚಿದ್ದ ತಂದೆಯ ಕೈ ನಿಂತುಹೋಯಿತು.

ಗಂಟೆಯ ಸದ್ದು ಹತ್ತಿರವಾಯಿತು. ಮುಂದೆ ಶಿಲುಬೆ, ಅದರ ಹಿಂದೆ ಪಾದ್ರಿಗಳು, ಅವರ ಹಿಂದೆ ಸಣ್ಣ ಪೆಟ್ಟಿಗೆ. ಗುಂಡಿಯೊಳಗೆ ಕುಕ್ಕರಗಾಲಿನಲ್ಲಿ ಕುಳಿತವನನ್ನು ಕಂಡು ಎಲ್ಲರೂ ನಿಂತರು.

“ಸ್ವಾಮಿ, ಇಳಿಸಬೇಡಿ” ಎಂದ ಅವನು. “ಇದರಲ್ಲಿ ಯಾರೂ ಮಲಗಿ ಎದ್ದಿಲ್ಲ. ನನ್ನ ಮಗಳು ಕತ್ತಲೆ ಕೋಣೆಗೆ ಒಬ್ಬಳೇ ಹೋಗುವವಳಲ್ಲ. ಮೊದಲು ನಾನು ಹೋಗಿ, ಒಳಗಿನಿಂದ ‘ಬಾ ಮಗಳೇ, ಇಲ್ಲೇ ಇದ್ದೀನಿ’ ಎನ್ನಬೇಕು. ಆಮೇಲೆ ಬರುತ್ತಾಳೆ. ಇಲ್ಲಿ ನಾನು ಹಿಡಿಸುತ್ತಿಲ್ಲ.”

ಪಾದ್ರಿಗಳು ಪ್ರತಿ ಈಸ್ಟರ್ ಹಬ್ಬಕ್ಕೂ ಪುನರುತ್ಥಾನದ ಬಗ್ಗೆ ದೀರ್ಘವಾದ ಪ್ರಸಂಗ ಮಾಡುವವರು. ಜನ ಗೋಡೆಗೊರಗಿ ಕೇಳುತ್ತಿದ್ದರು; ಗುಂಡಿ ತೋಡುವವನೂ ಒರಗುತ್ತಿದ್ದ. ಅದರಲ್ಲಿ ಒಂದು ಮಾತು ಮಾತ್ರ ಆ ಹೊತ್ತಿಗೆ ಅವರ ಬಾಯಿಗೆ ಬಂತು.

“ಒಬ್ಬರು ಮಲಗಿ ಎದ್ದಿದ್ದಾರಪ್ಪ.”

ಅವನು ತಲೆಯೆತ್ತಿದ. ಗುಂಡಿಯೊಳಗಿನಿಂದ ಅವನಿಗೆ ಕಾಣುತ್ತಿದ್ದದ್ದು ಶಿಲುಬೆ ಒಂದೇ. ಅದನ್ನೇ ನೋಡಿದ. ತನ್ನ ಕೆಲಸದ ಬಗ್ಗೆ ಕೇಳುವವನಂತೆ ಕೇಳಿದ.

“ಅವರು ಒಳಗಿನಿಂದ ಕರೆಯುತ್ತಾರೆಯೇ, ಸ್ವಾಮಿ?”

“ಹೆಸರು ಹಿಡಿದು ಕರೆಯುತ್ತಾರೆ.”

ಅವನು ಎದ್ದು ನಿಂತು ಎರಡೂ ಕೈ ಮೇಲೆ ಚಾಚಿದ. ಪೆಟ್ಟಿಗೆಯನ್ನು ತಾನೇ ಇಳಿಸಿಕೊಂಡ. ಮೇಲೆ ಬಂದು ಮೊದಲ ಹಿಡಿ ಮಣ್ಣನ್ನೂ ತಾನೇ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೌರಪ್ಪ ತನ್ನ ಪಾದಗಳನ್ನೇ ನೋಡುತ್ತಿದ್ದ.

“ಆಮೇಲೆ ಅವನ ಭಯ ಹೋಯಿತೇ, ಗುರುಗಳೇ?”

“ಇಲ್ಲ, ಕತ್ತಲೆ ಕತ್ತಲೆಯಾಗಿಯೇ ಇತ್ತು, ಖಾಲಿ ಮಾತ್ರ ಇರಲಿಲ್ಲ.”