ಗೋಡೆ ಮೇಲಿನ ಗರಗಸ

ಹತ್ತಿರ ಬಾರೇ, ಬಾಗಿಲು ಮುಂದೆ ಮಾಡು. ಯಾರ ಹತ್ತಿರಾನೂ ಬಾಯಿ ಬಿಡಲ್ಲ ಅಂತ ಆಣೆ ಇಡು.

ಮರಗೆಲಸದ ಶೆಡ್ಡಿನಲ್ಲಿ ಕಸ ಗುಡಿಸೋ ನಿಂಗಾಜಮ್ಮ ಇದ್ದಾಳಲ್ಲ, ಅವಳ ಕತೆ. ಹೊಸ ಮ್ಯಾನೇಜರು ಬಂದವನೇ ಉಳಿ, ಸುತ್ತಿಗೆಗಳನ್ನೆಲ್ಲ ಗೋಡೆಗೆ ನೇತುಹಾಕಿಸಿ, ಒಂದೊಂದರ ಸುತ್ತಲೂ ಬಿಳಿ ಗೀಟು ಎಳೆಸಿದ. "ಗೀಟಿದ್ದ ಕಡೆ ಸಾಮಾನು ಇರಲೇಬೇಕು. ಗೀಟಿಲ್ಲದ್ದು ನಾಳೆ ಗುಜರಿಗೆ!" ಅಂದ.

ಆಳುದ್ದದ ಹಳೇ ಗರಗಸಕ್ಕೆ ಗೀಟಿರಲಿಲ್ಲ. ತೀರಿಹೋದ ಅವಳ ಗಂಡ ಇಪ್ಪತ್ತು ವರ್ಷ ಎಳೆದದ್ದು ಅದನ್ನೇ. ಅವನ ಬೆರಳು ಸವೆಸಿದ ಗುರುತು ಹಿಡಿಯಲ್ಲಿ ಇನ್ನೂ ಇದೆ. ಗುಡಿಸೋ ನೆಪದಲ್ಲಿ ದಿನಾ ಅದನ್ನು ಒರೆಸುತ್ತಿದ್ದಳು. ಆ ಹಿಡಿಯನ್ನ ಕೆನ್ನೆಗೂ ಒತ್ತಿಕೊಳ್ಳುತ್ತಿದ್ದಳಂತೆ, ನಾಚಿಕೆಗೆಟ್ಟವಳು!

ಅವಳೇನೂ ಅಳಲಿಲ್ಲ. ಸಂಜೆ ಗರಗಸವನ್ನು ಗೋಡೆಗೆ ಒರಗಿಸಿ, ಸುತ್ತ ಸುಣ್ಣದ ಗೀಟೆಳೆದಳು. ಆಮೇಲೆ ಅದನ್ನು ಎಳೆದೊಯ್ದು ಗುಜರಿ ರಾಶಿಗೇ ಹಾಕಿದಳು.

ಬೆಳಿಗ್ಗೆ ಖಾಲಿ ಗೀಟು ಕಂಡು ಮ್ಯಾನೇಜರು ಹೌಹಾರಿದ. "ಇಷ್ಟು ದೊಡ್ಡದು ಎಲ್ಲಿ ಹೋಯ್ತು?"

"ಗುಜರಿಗೆ, ಸ್ವಾಮಿ. ನೀವೇ ಹೇಳಿದ್ರಲ್ಲ."

"ಗೀಟಿರೋದನ್ನ ಹಾಕು ಅಂದ್ನಾ?" ಅಂತ ರೇಗಿ, ಬೆವರು ಸುರಿಸುತ್ತಾ ತಾನೇ ಹೊತ್ತು ತಂದು ನೇತುಹಾಕಿದ.

ಸಂಜೆ ಪಕ್ಕದ ಮನೆ ಪುಟ್ಟಚೆನ್ನಮ್ಮ ಅವಳ ಮುಖಕ್ಕೇ ಅಂದಳು: "ಅಯ್ಯೋ ಪೆದ್ದಿ, ಗಂಡ ಇದ್ದಾಗಲೇ ಅವನನ್ನೂ ಗೋಡೆಗೆ ನಿಲ್ಲಿಸಿ ಗೀಟೆಳೆದಿದ್ದರೆ, ಈ ಮ್ಯಾನೇಜರ್ ಪುಣ್ಯಾತ್ಮ ಹುಡುಕಿ ತಂದುಕೊಡ್ತಿದ್ದನಲ್ಲೇ!"