ಕಾಟ್ಲಾ ಮೀನು ಕೀಳಿಸಿದ ಕಳೆ

ಮೀನು ಸಾಕುವ ಕೊಳವೊಂದರಲ್ಲಿ ದೊಡ್ಡ ತಲೆಯ ಕಾಟ್ಲಾ ಮೀನು ಹಿರಿಯನೆನಿಸಿಕೊಂಡು ಮೆರೆಯುತ್ತಿತ್ತು. ಕೊಳದ ಕೊಳೆನೀರು ಪಕ್ಕದ ಹೊಂಡಕ್ಕೆ ಹರಿದು, ಅಲ್ಲಿ ತೇಲುವ ಅಂತರಗಂಗೆ ಗಿಡಗಳ ಬೇರುಗಳಲ್ಲಿ ಸೋಸಿಕೊಂಡು, ಮತ್ತೆ ಕೊಳಕ್ಕೇ ಬರುತ್ತಿತ್ತು. ಕಾಟ್ಲಾಗೆ ಇದರ ಗೊಡವೆಯೇ ಇರಲಿಲ್ಲ.

ಒಂದು ಬೆಳಗ್ಗೆ ಅದು ಹೊಂಡಕ್ಕೆ ನೀರು ಹರಿಯುವ ತೂಬಿನ ಬಳಿ ಬಂದು ಗದರಿತು: “ಎಲೈ ಕಳೆಯೇ! ನಮ್ಮ ಹೊಲಸು ತಿಂದು ಕೊಬ್ಬುತ್ತೀಯಲ್ಲ, ನಾಚಿಕೆಯಿಲ್ಲವೆ?”

“ತಿನ್ನುವವರು ಒಬ್ಬರಾದರೂ ಬೇಕಲ್ಲ, ಯಜಮಾನರೇ,” ಎಂದಿತು ಅಂತರಗಂಗೆ.

ಎದುರುತ್ತರ ಕೇಳಿ ಕಾಟ್ಲಾಗೆ ಮೈಯೆಲ್ಲ ಉರಿದುಹೋಯಿತು. ಏಡಿಯನ್ನು ಕರೆದು, “ಒಂದೂ ಬಿಡದೆ ಕಿತ್ತು ದಂಡೆಗೆ ಎಸೆ,” ಎಂದು ಅಪ್ಪಣೆ ಕೊಟ್ಟಿತು. ಏಡಿ ಹಾಗೆಯೇ ಮಾಡಿತು.

ಮೂರೇ ದಿನ. ಹೊಂಡಕ್ಕೆ ಹೋದ ಕೊಳೆ ಹೋದ ಹಾಗೆಯೇ ಮರಳಿತು. ನೀರು ನಾರಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಬೆಳ್ಳಿಯಂತಿದ್ದ ಕಾಟ್ಲಾದ ಮೈ ಮಂಕಾಯಿತು. ಆಗ ಅದಕ್ಕೆ ಅಂತರಗಂಗೆಯ ಮಾತು ನೆನಪಾಯಿತು.

“ಏಡಿಯಪ್ಪಾ, ದಮ್ಮಯ್ಯ! ಆ ಗಂಗಮ್ಮನನ್ನು ಮತ್ತೆ ನೀರಿಗೆ ಬಿಡು.”

ದಂಡೆಯ ಕೆಸರಿನಲ್ಲಿ ಇನ್ನೂ ಜೀವ ಹಿಡಿದಿದ್ದ ಗಿಡಗಳನ್ನು ಏಡಿ ಒಂದೊಂದಾಗಿ ಹೊಂಡಕ್ಕೆ ಎಳೆದು ತಂದಿತು. ಕೆಲವು ವಾರಗಳಲ್ಲಿ ಹೊಂಡ ಹಸಿರಾಯಿತು, ಕೊಳ ತಿಳಿಯಾಯಿತು.

ಜೊತೆಯ ರೋಹು ಮೀನು ಕಾಟ್ಲಾವನ್ನು ದಿಟ್ಟಿಸಿ, “ಅಣ್ಣಾ, ನಿಮ್ಮ ಮುಖಕ್ಕೆ ಮತ್ತೆ ಕಳೆ ಬಂತು!” ಎಂದಿತು.

ಕಾಟ್ಲಾ ತೂಬಿನತ್ತ ನೋಡಿ ತಲೆ ತಗ್ಗಿಸಿತು.

“ಮೊದಲು ಹೊಂಡಕ್ಕೆ ಬಂತು ತಮ್ಮಾ. ಆಮೇಲೆ ನನ್ನ ಮುಖಕ್ಕೆ.”